ನಿಂತ ಮೌಸಿನ ಪೂರ್ವೋತ್ತರ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಟವರು ಕೋಟೆ, ಕೆರೆ, ಶಾಸನ, ಪಾಳೆಯಗಾರರ ಕಲಹ, ಇವುಗಳನ್ನೆಲ್ಲ ಸವಿಸ್ತಾರವಾಗಿ ಬರೆದು ಮುಗಿಸಿದ ಮೇಲೆ ಸಾಮಾನ್ಯವಾಗಿ ಲೇಖನಿಯನ್ನು ಕೆಳಗಿಡುತ್ತಾರೆ. ಆ ಊರಿನ ಪೇಟೆಬೀದಿಯಲ್ಲಿ ಗಡಿಯಾರವನ್ನೂ ರೇಡಿಯೋವನ್ನೂ ಬೆರಳಚ್ಚು ಯಂತ್ರವನ್ನೂ ರಿಪೇರಿ ಮಾಡುತ್ತಿದ್ದವರು ಯಾರು, ಅವರ ವಿದ್ಯೆ ಎಲ್ಲಿಂದ ಬಂದಿತು, ಯಾವಾಗ ಅಸ್ತಂಗತವಾಯಿತು ಎಂಬುದನ್ನು ವಿಚಾರಿಸುವವರು ವಿರಳ. ಚನ್ನಗಿರಿಗೆ ತನ್ನ ಕೋಟೆಯೂ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯೂ ಉಂಟು. ಹೊನ್ನಾಳಿಗೆ ತುಂಗಭದ್ರೆಯೂ ಹಿರೇಕಲ್ಮಠವೂ ಉಂಟು. ನ್ಯಾಮತಿಯ ಸೀಮೆಗೆ ತೀರ್ಥರಾಮೇಶ್ವರ, ಜಗಳೂರಿನ ಸೀಮೆಗೆ ಕೊಂಡುಕುರಿಗಳ ರಂಗಯ್ಯನದುರ್ಗ. ಇವನ್ನು ಕುರಿತು ಬರೆದವರಿದ್ದಾರೆ, ಇನ್ನೂ ಬರೆಯುವವರಿದ್ದಾರೆ. ನಾನು ಇಲ್ಲಿ ಬರೆಯಹೊರಟಿರುವುದಾದರೋ ಅಂಗೈಯಲ್ಲಿ ಅಡಗುವ ಮೌಸೆಂಬ ಉಪಕರಣವು ನಡೆಯುತ್ತ ನಡೆಯುತ್ತ ನಿಂತುಬಿಟ್ಟಾಗ, ಅದರಲ್ಲಿಯೂ ಹಳೆಯ ಲಿನಕ್ಸ್ ಗಣಕಯಂತ್ರದ ಮುಂದೆ ನಿಂತುಬಿಟ್ಟಾಗ, ಈ ನಾಡಿನ ಜನ ಏನು ಮಾಡುತ್ತ ಬಂದರು ಎಂಬ ಅಲ್ಪವಸ್ತುವನ್ನು.

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ತಜ್ಞನ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿ 1964ರಲ್ಲಿ ಮರದ ಪುಟ್ಟ ಪೆಟ್ಟಿಗೆಗೆ ಎರಡು ಚಕ್ರಗಳನ್ನು ಜೋಡಿಸಿ ಮೊದಲನೆಯ ಮೌಸನ್ನು ನಿರ್ಮಿಸಿದಾಗಲೂ, 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗಲೂ, 1970ರ ನವೆಂಬರ್ 17ರಂದು ಅದಕ್ಕೆ ಪೇಟೆಂಟ್ ದೊರೆತಾಗಲೂ ನಮ್ಮ ನಾಡಿಗೆ ಇನ್ನೂ ಮೈಸೂರು ರಾಜ್ಯವೆಂದೇ ಹೆಸರು. ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು, ನ್ಯಾಮತಿ ಹೊನ್ನಾಳಿಯ ಒಂದು ಹೋಬಳಿಯಾಗಿದ್ದಿತು. ಇವೆಲ್ಲ ಒಂದೇ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟದ್ದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚಿತವಾದ ಮೇಲೆ. ನ್ಯಾಮತಿ ತಾನೇ ತಾಲ್ಲೂಕಾದದ್ದಂತೂ 2017ರ ಮುಂಗಡಪತ್ರದ ಘೋಷಣೆಯ ಫಲವಾಗಿ. ಹೊಸ ಜಿಲ್ಲೆಯೂ ಗಣಕಯಂತ್ರವೂ ಈ ಊರುಗಳಿಗೆ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಬಂದವೆಂಬುದು ಆಕಸ್ಮಿಕವಾದರೂ ಗಮನಾರ್ಹವಾದ ಸಂಗತಿ. ಜಿಲ್ಲೆ ಬದಲಾದರೂ ಸಂತೆ ಬದಲಾಗಲಿಲ್ಲ: ಹೊನ್ನಾಳಿ ನ್ಯಾಮತಿಗಳವರು ಕಾಗದಪತ್ರಕ್ಕೆ ದಾವಣಗೆರೆಗೆ ಹೋದರೂ ಕೆಟ್ಟ ಸಾಮಾನಿಗೆ ಬಿಡಿಭಾಗ ಬೇಕಾದಾಗ ಹತ್ತಿರದ ಶಿವಮೊಗ್ಗದ ಬಸ್ಸನ್ನೇ ಹತ್ತುತ್ತಿದ್ದರು.

ಅದಕ್ಕೂ ಮುಂಚೆ ತಾಲ್ಲೂಕು ಕೇಂದ್ರಗಳಲ್ಲಿ ಗುಮಾಸ್ತೆಗಿರಿಯ ವಿದ್ಯಾಪೀಠವೆಂದರೆ ಟೈಪಿಂಗ್ ಇನ್‌ಸ್ಟಿಟ್ಯೂಟು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಬೆಳಗಿನ ಒಂದು ಗಂಟೆ ಅಲ್ಲಿ ಕುಳಿತು ಜೂನಿಯರ್, ಆಮೇಲೆ ಸೀನಿಯರ್ ಎಂದು ಪರೀಕ್ಷೆ ಕಟ್ಟುತ್ತಿದ್ದರು. ಇಂಗ್ಲಿಷಿನದಾದ ಮೇಲೆ ಕನ್ನಡದ್ದು, ಅನಂತಸುಬ್ಬರಾಯರ ಪರಿಶ್ರಮದಿಂದ ನಮಗೆ ದೊರೆತ ಕೀಲಿಮಣೆಯ ಮೇಲೆ. ದೃಷ್ಟಿ ಕಾಗದದ ಮೇಲೆ, ಬೆರಳು ಕೀಲಿಯ ಮೇಲೆ, ಎರಡೂ ಒಂದನ್ನೊಂದು ನೋಡಬಾರದು ಎಂಬುದು ಅಲ್ಲಿನ ಪ್ರಥಮ ಪಾಠ. ಇಂತಹ ಶಿಕ್ಷಣವನ್ನು ಪಡೆದವರಿಗೆ ಗಣಕಯಂತ್ರದ ಕೀಲಿಮಣೆ ಹಳೆಯ ಪರಿಚಯದ ಮುಖದಂತೆ ಕಂಡಿತು. ಬಲಗೈಯನ್ನು ಕೀಲಿಯಿಂದ ಎತ್ತಿ ಪಕ್ಕಕ್ಕೆ ಒಯ್ದು ಒಂದು ಪೆಟ್ಟಿಗೆಯನ್ನು ಎಳೆದಾಡಬೇಕೆಂಬುದು ಮಾತ್ರ ಕೆಲಸಗೆಡಿಸುವ ಹೊಸ ಉಪಚಾರವೆಂದು ತೋರಿತು. ಮೌಸು ನಿಂತಾಗ ಮುಂದೆ ನೆರವಿಗೆ ಬಂದದ್ದು ಈ ಹಳೆಯ ಶಿಕ್ಷಣವೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಮೊದಲು ಈ ಊರುಗಳ ಡಿಟಿಪಿ ಅಂಗಡಿಗಳಿಗೂ ಅಡಿಕೆ ಮಂಡಿಗಳಿಗೂ ಬಂದ ಮೌಸು ಗುಂಡಿನದು. ಅದನ್ನು ಅಂಗಾತ ಮಾಡಿದರೆ ಹೊಟ್ಟೆಯ ಮೇಲೆ ದುಂಡನೆಯ ಮುಚ್ಚಳ, ಅದರ ಮೇಲೆ ತಿರುಗಿಸತಕ್ಕ ದಿಕ್ಕನ್ನು ತೋರಿಸುವ ಬಾಣದ ಗುರುತು. ಹೆಬ್ಬೆರಳಿನಿಂದ ಅದುಮಿ ತಿರುಗಿಸಿದರೆ ರಬ್ಬರು ಹೊದಿಸಿದ ಉಕ್ಕಿನ ಗುಂಡು ತೂಕವಾಗಿ ಅಂಗೈಗೆ ಬೀಳುವುದು. ಗುಂಡು ಕೂರುವ ಗೂಡಿನಲ್ಲಿ ಪರಸ್ಪರ ಲಂಬವಾಗಿ ಎರಡು ಸಣ್ಣ ಉರುಳೆಗಳು, ಗುಂಡನ್ನು ಅವುಗಳ ಮೇಲೆ ಒತ್ತಿಹಿಡಿಯುವುದಕ್ಕೆ ಸ್ಪ್ರಿಂಗು ಕಟ್ಟಿದ ಮೂರನೆಯದೊಂದು. ಉರುಳೆಯ ತುದಿಯಲ್ಲಿ ಸೀಳುಸೀಳಾದ ಚಕ್ರ. ಚಕ್ರದ ಒಂದು ಪಕ್ಕದಲ್ಲಿ ದೀಪ, ಮತ್ತೊಂದು ಪಕ್ಕದಲ್ಲಿ ಸೀಳುಗಳ ನಡುವಿನಿಂದ ಬರುವ ಬೆಳಕನ್ನು ಎಣಿಸುವ ಕಣ್ಣು. ಮೇಜಿನ ಮೇಲಿನ ಕಸವನ್ನೆಲ್ಲ ಗುಂಡು ತನ್ನ ಮೈಗೆ ಅಂಟಿಸಿಕೊಂಡು ಒಳಕ್ಕೆ ತಂದು ಉರುಳೆಗಳ ನಡುವಿಗೆ ಒರಸುವುದು. ಕೆಲವು ವಾರಗಳಲ್ಲಿ ಅಲ್ಲಿ ಕಪ್ಪನೆಯ ಗಟ್ಟಿ ಬಳೆಯೊಂದು ಬೆಳೆಯುವುದು. ಅಡ್ಡ ಚಲನೆಯ ಉರುಳೆಗೆ ಬಳೆ ಕಟ್ಟಿದರೆ ತೆರೆಯ ಮೇಲಿನ ಬಾಣ ಮೇಲೆ ಕೆಳಗೆ ಮಾತ್ರ ಹೋಗುವುದು, ಇನ್ನೊಂದಕ್ಕೆ ಕಟ್ಟಿದರೆ ಎಡಬಲಕ್ಕೆ ಮಾತ್ರ. ಬಲ್ಲವನು ಬಾಣ ಓಡುವ ರೀತಿಯನ್ನು ನೋಡಿಯೇ ಯಾವ ಉರುಳೆಯೆಂದು ಹೇಳಬಲ್ಲವನಾಗಿದ್ದ. ಆ ಬಳೆಯೂ ಊರಿಗೊಂದು ಬಗೆ: ಸುಲಿತದ ಕಾಲದಲ್ಲಿ ಚನ್ನಗಿರಿಯ ಮಂಡಿಯ ಮೌಸಿನಲ್ಲಿ ಅಡಿಕೆಯ ಚೊಗರಿನ ಅಂಟು, ಹೊನ್ನಾಳಿಯ ಅಕ್ಕಿ ಗಿರಣಿಯ ಕಚೇರಿಯಲ್ಲಿ ತೌಡಿನ ನುಣುಪು, ನ್ಯಾಮತಿಯಲ್ಲಿ ಮೆಕ್ಕೆಜೋಳದ ಸೊಪ್ಪೆಯ ಧೂಳು, ಜಗಳೂರಿನಲ್ಲಿ ಬೇಸಗೆಯ ಗಾಳಿ ಹೊತ್ತು ತರುವ ಮಣ್ಣು. ಚಿಕಿತ್ಸೆ ಮಾತ್ರ ಎಲ್ಲೆಡೆಯಲ್ಲಿಯೂ ಒಂದೇ: ಉಗುರು, ಸೇಫ್ಟಿ ಪಿನ್ನು, ಸ್ಪಿರಿಟಿನಲ್ಲಿ ಅದ್ದಿದ ಹತ್ತಿ. ರೋಗವೂ ಕಣ್ಣಿಗೆ ಕಾಣುತ್ತಿತ್ತು, ಗುಣವಾದದ್ದೂ ಕಣ್ಣಿಗೆ ಕಾಣುತ್ತಿತ್ತು. ರಿಪೇರಿಯವನಿಗೆ ಇದಕ್ಕಿಂತ ಸುಖದ ಕಾಲ ಮತ್ತೆ ಬರಲಿಲ್ಲವೆಂದೇ ಹೇಳಬೇಕು.

ಆಗಿನ ಮೌಸಿನ ಬಾಲದ ತುದಿಯಲ್ಲಿ ಒಂಬತ್ತು ರಂಧ್ರಗಳ ಕನೆಕ್ಟರು ಇದ್ದು ಅದನ್ನು ಯಂತ್ರದ ಬೆನ್ನಿನ ಸೀರಿಯಲ್ ಪೋರ್ಟಿಗೆ ತಿರುಪು ಹಾಕಿ ಬಿಗಿಯುತ್ತಿದ್ದರು. ಸೆಕೆಂಡಿಗೆ 1200 ಬಿಟ್ಟುಗಳ ಮಂದಗತಿ ಅದರದು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ಟು ದೊರೆತದ್ದು 1995ರ ಆಗಸ್ಟ್ 15ರಿಂದ; ಅದು ದೂರವಾಣಿಯ ತಂತಿ ಹಿಡಿದು ತಾಲ್ಲೂಕುಗಳನ್ನು ತಲುಪಿದ ಮೇಲೆ ಮನೆಯ ಯಂತ್ರದೊಳಗೆ ಮೊಡೆಮ್ ಎಂಬ ಹಲಗೆಯೊಂದು ಬಂದು ಕುಳಿತಿತು, ಅದರ ಸಂಗಡ ಒಂದು ವಿಚಿತ್ರ ವ್ಯಾಧಿಯೂ ಬಂದಿತು. ಮೊದಲನೆಯ ಮತ್ತು ಮೂರನೆಯ ಸೀರಿಯಲ್ ಪೋರ್ಟುಗಳು ಯಂತ್ರದ ಗಮನವನ್ನು ಸೆಳೆಯುವುದಕ್ಕೆ 4 ಎಂಬ ಒಂದೇ ಇಂಟರಪ್ಟ್ ಸಂಖ್ಯೆಯನ್ನು ಹಂಚಿಕೊಂಡಿದ್ದುದರಿಂದ, ಮೌಸು ಮೊದಲನೆಯದರಲ್ಲಿಯೂ ಮೊಡೆಮ್ ಮೂರನೆಯದರಲ್ಲಿಯೂ ಇದ್ದ ಮನೆಗಳಲ್ಲಿ, ಮೊಡೆಮ್ ಕೀರಲುದನಿಯಿಂದ ದಾವಣಗೆರೆಯನ್ನೋ ಶಿವಮೊಗ್ಗವನ್ನೋ ಕರೆಯಲಾರಂಭಿಸಿದೊಡನೆ ಮೌಸು ಮರಗಟ್ಟಿದಂತೆ ನಿಲ್ಲುತ್ತಿತ್ತು. ಮೌಸನ್ನು ಎಷ್ಟು ಬದಲಾಯಿಸಿದರೂ ಫಲವಿಲ್ಲ. ಮೊಡೆಮಿನ ಹಲಗೆಯ ಮೇಲಿನ ಜಂಪರೆಂಬ ಕಾಳಿನಷ್ಟು ಚೂರನ್ನು ಪಕ್ಕದ ಕಡ್ಡಿಗಳಿಗೆ ಸರಿಸಿದರೆ ಎರಡೂ ಬದುಕಿಕೊಳ್ಳುತ್ತಿದ್ದವು. ದೋಷವು ಅಂಗೈಯ ವಸ್ತುವನ್ನು ಬಿಟ್ಟು ಪೆಟ್ಟಿಗೆಯ ಒಳಗೆ ಸೇರಿದ್ದು ಇಲ್ಲಿಂದ.

1987ರಲ್ಲಿ ಐ.ಬಿ.ಎಂ. ಕಂಪೆನಿ ತನ್ನ ಪಿ.ಎಸ್.2 ಯಂತ್ರಗಳ ಸಂಗಡ ತಂದ ಆರು ಕಡ್ಡಿಗಳ ದುಂಡು ಕನೆಕ್ಟರು ಸೀರಿಯಲ್ ಪೋರ್ಟನ್ನು ಕ್ರಮೇಣ ಮೂಲೆಗೊತ್ತಿತು. ಮೌಸಿಗೆ ಹಸುರು, ಕೀಲಿಮಣೆಗೆ ನೇರಳೆ ಎಂದು ಬಣ್ಣ ಹಚ್ಚಿದ್ದರೂ ಆಕಾರ ಒಂದೇ ಆದ್ದರಿಂದ, ಗೋಡೆಗೆ ಆನಿಸಿದ ಯಂತ್ರದ ಹಿಂದೆ ಕತ್ತಲೆಯಲ್ಲಿ ಕೈಯಾಡಿಸುವವರು ಅದಲುಬದಲು ಮಾಡುವುದೂ ಕಡ್ಡಿ ಬಗ್ಗಿಸುವುದೂ ನಿತ್ಯದ ಮಾತಾಯಿತು. ಯಂತ್ರ ನಡೆಯುತ್ತಿರುವಾಗ ಈ ಕನೆಕ್ಟರನ್ನು ಕಿತ್ತು ಚುಚ್ಚಬಾರದೆಂಬುದು ಶಾಸ್ತ್ರ. ಹಾಗೆ ಮಾಡಿ ಮದರ್‌ಬೋರ್ಡಿನ ಸಣ್ಣ ಫ್ಯೂಸನ್ನು ಸುಟ್ಟವರು ಅನೇಕರು.

ಭೂಮಿ ಯೋಜನೆಯ ಪ್ರಸ್ತಾಪವಿಲ್ಲದೆ ತಾಲ್ಲೂಕು ಕಚೇರಿಯ ಗಣಕಯಂತ್ರದ ಕಥೆಯನ್ನು ಹೇಳುವಂತಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿಯೂ ಕಿಟಕಿ ತೆರೆದು, 15 ರೂಪಾಯಿಗೆ ಮುದ್ರಿತ ಪಹಣಿಯನ್ನು ಕೊಡತೊಡಗಿದ ಆ ಯೋಜನೆಯಲ್ಲಿ ಹೊನ್ನಾಳಿಯ, ಚನ್ನಗಿರಿಯ, ಜಗಳೂರಿನ ರೈತರು ಮೌಸೆಂಬುದನ್ನು ಮೊದಲ ಬಾರಿ ನೋಡಿದರೆಂದರೆ ಉತ್ಪ್ರೇಕ್ಷೆಯಾಗಲಾರದು. ಆ ಯಂತ್ರಗಳು ವಿಂಡೋಸಿನವು, ಆದುದರಿಂದ ನನ್ನ ವಿಷಯಕ್ಕೆ ಹೊರಗಿನವು. ಆದರೆ ಒಂದು ಆಚಾರ ಬೇರೂರಿದ್ದು ಅದೇ ಕಾಲದಲ್ಲಿ, ಕಚೇರಿಯಲ್ಲಿಯೂ ಅಂಗಡಿಯಲ್ಲಿಯೂ ಸಮನಾಗಿ: ಬಾಣ ನಿಂತರೆ ಯಂತ್ರ ಸತ್ತಿತೆಂದು ತಿಳಿದು ಗೋಡೆಯ ಸ್ವಿಚ್ಚನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುವುದು. ಬಾಣ ನಿಂತದ್ದಕ್ಕೂ ಯಂತ್ರ ನಿಂತದ್ದಕ್ಕೂ ವ್ಯತ್ಯಾಸವುಂಟೆಂದು ಹೇಳಿಕೊಟ್ಟವರಿರಲಿಲ್ಲ. ಆ ವ್ಯತ್ಯಾಸವನ್ನು ಕಲಿಸಿದ್ದು ಲಿನಕ್ಸ್.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ನಮ್ಮ ಸೀಮೆಗೆ ಬಂದದ್ದು ಸೀಡಿಗಳ ಮೂಲಕ. ಪಿ.ಸಿ. ಕ್ವೆಸ್ಟ್ ಪತ್ರಿಕೆ 1996ರಿಂದ ತನ್ನ ಸಂಚಿಕೆಯೊಡನೆ ಆಗಾಗ ಲಿನಕ್ಸಿನ ಸೀಡಿಯನ್ನು ಕೊಡುತ್ತಿತ್ತು. 2004ರಲ್ಲಿ ಹುಟ್ಟಿದ ಉಬುಂಟು ಎಂಬ ಲಿನಕ್ಸಿನ ಆವೃತ್ತಿಯಂತೂ 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಕಡಲಾಚೆಯಿಂದ ಅಂಚೆಯಲ್ಲಿ ಪುಕ್ಕಟೆಯಾಗಿ ಸೀಡಿ ಕಳುಹಿಸುತ್ತಿತ್ತು. ಸಂಖ್ಯೆಯಲ್ಲಿ ಲಿನಕ್ಸ್ ಹೆಚ್ಚಾಗಿ ಬಂದದ್ದು ಮಾತ್ರ ಶಾಲೆಗಳ ದಾರಿಯಿಂದ. ಸರ್ಕಾರಿ ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಯೋಜನೆಯಿಂದಲೂ, ಆಮೇಲೆ ಕೇಂದ್ರದ ಐ.ಸಿ.ಟಿ. ಯೋಜನೆಯಿಂದಲೂ ಬಂದ ಯಂತ್ರಗಳು ಗುತ್ತಿಗೆಯ ಅವಧಿ ಮುಗಿದು ಅಧ್ಯಾಪಕರ ಪಾಲಿಗೆ ಉಳಿದ ಕಾಲದಲ್ಲಿ, 2011ರಿಂದೀಚೆಗೆ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿ.ಎಸ್.ಇ.ಆರ್.ಟಿ.ಯೂ ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಗಣಿತ, ವಿಜ್ಞಾನ, ಸಮಾಜಗಳ ಅಧ್ಯಾಪಕರು ಉಬುಂಟುವನ್ನು ಕಲಿತರು. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಶೃಂಗವನ್ನು ಮೌಸಿನಿಂದ ಹಿಡಿದೆಳೆದು, ಆಕಾರ ಎಷ್ಟು ಬದಲಾದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಾಗಿಯೇ ಉಳಿಯುವುದನ್ನು ಮಕ್ಕಳಿಗೆ ತೋರಿಸುತ್ತಿರುವಾಗ ಮೌಸು ನಿಂತರೆ, ಪಾಠವೂ ಅಲ್ಲಿಗೇ ನಿಂತಂತೆ.

ಹಳೆಯ ಲಿನಕ್ಸಿನಲ್ಲಿ ಮೌಸಿನ ಜಾತಕವೆಲ್ಲ ಒಂದು ಕಡತದಲ್ಲಿ ಇರುತ್ತಿತ್ತು: ಯಾವ ಪೋರ್ಟಿನಲ್ಲಿದೆ, ಯಾವ ಭಾಷೆಯಲ್ಲಿ ಮಾತನಾಡುತ್ತದೆ, ಎಷ್ಟು ಗುಂಡಿ. ಆ ಕಡತದಲ್ಲಿ ಬರೆದದ್ದಕ್ಕೂ ಯಂತ್ರದ ಬೆನ್ನಿಗೆ ಚುಚ್ಚಿದ್ದಕ್ಕೂ ತಾಳೆಯಾಗದಿದ್ದರೆ ಚಿತ್ರರೂಪದ ತೆರೆ ಮೇಲೇಳುವುದಕ್ಕೇ ನಿರಾಕರಿಸಿ, ಮುಖ್ಯ ಸೂಚಕವಿಲ್ಲವೆಂಬ ಒಂದು ಇಂಗ್ಲಿಷ್ ಸಾಲನ್ನು ಕಪ್ಪು ಪರದೆಯ ಮೇಲೆ ಬಿಟ್ಟು ಸುಮ್ಮನಾಗುತ್ತಿತ್ತು. ಒಂದು ಮೌಸಿಗಾಗಿ ಇಡೀ ಮನೆಯ ಬಾಗಿಲು ಮುಚ್ಚುವ ಈ ಹಟವನ್ನು ಇಂದಿಗೂ ನಾನು ಸಮರ್ಥಿಸಲಾರೆ. ಇನ್ನೊಂದು ತೊಂದರೆ ಹೆಚ್ಚು ಸೂಕ್ಷ್ಮವಾದದ್ದು. ಪಿ.ಎಸ್.2 ಮೌಸು ತನ್ನ ಪ್ರತಿಯೊಂದು ಚಲನೆಯನ್ನೂ ಮೂರು ಬೈಟುಗಳಲ್ಲಿ ವರದಿ ಮಾಡುವುದು: ಮೊದಲನೆಯದರಲ್ಲಿ ಗುಂಡಿಗಳ ಸ್ಥಿತಿ, ಎರಡನೆಯದರಲ್ಲಿ ಅಡ್ಡಚಲನೆ, ಮೂರನೆಯದರಲ್ಲಿ ಉದ್ದಚಲನೆ. ನಡುವೆ ಚಕ್ರವುಳ್ಳ ಹೊಸ ಮೌಸಿಗೆ ನಾಲ್ಕನೆಯದೂ ಬೇಕು. ಆದರೆ ಹಳೆಯ ಯಂತ್ರಗಳಿಗೆ ತೊಡಕಾಗದಿರಲೆಂದು ಅದು ಮೊದಲು ಮೂರೇ ಬೈಟುಗಳ ಹಳಬನಂತೆ ನಟಿಸುತ್ತಿದ್ದು, ವರದಿಯ ವೇಗವನ್ನು 200, 100, 80 ಎಂದು ಇದೇ ಕ್ರಮದಲ್ಲಿ ಬದಲಾಯಿಸುವಂತೆ ಯಂತ್ರವು ಆಜ್ಞಾಪಿಸಿದಾಗ ಮಾತ್ರ, ಗುಪ್ತಸಂಕೇತವನ್ನು ಕೇಳಿದ ದ್ವಾರಪಾಲಕನಂತೆ, ತನ್ನ ನಿಜವಾದ ಗುರುತು 3 ಎಂದು ಹೇಳಿ ನಾಲ್ಕು ಬೈಟುಗಳನ್ನು ಕಳುಹಿಸಲಾರಂಭಿಸುವುದು. ಕಪ್ಪು ಪರದೆಯಲ್ಲಿ ಮೌಸನ್ನು ನೋಡಿಕೊಳ್ಳುವ ಕಾರ್ಯಕ್ರಮವು ಈ ಸಂಕೇತವನ್ನು ಹೇಳಿಬಿಟ್ಟು, ಚಿತ್ರದ ತೆರೆಯ ಕಡತವು ಮೂರೇ ಎಂದು ನಂಬಿಕೊಂಡಿದ್ದರೆ, ಲೆಕ್ಕ ಒಂದೊಂದು ಬೈಟು ಜಾರುತ್ತ ಹೋಗಿ ಬಾಣ ಮೂಲೆಯಿಂದ ಮೂಲೆಗೆ ನೆಗೆಯುವುದು, ಮುಟ್ಟದೆಯೇ ಮೆನುಗಳು ತೆರೆದುಕೊಳ್ಳುವುದು. ಭೂತಚೇಷ್ಟೆಯೆಂದು ಮಕ್ಕಳು ನಗುವರು. ದೋಷವಾದರೋ ಕಡತದ ಒಂದು ಪದದಲ್ಲಿ. 2003ರ ಕೊನೆಯಲ್ಲಿ ಬಂದ 2.6ನೆಯ ಲಿನಕ್ಸ್ ಎಲ್ಲ ಮೌಸುಗಳನ್ನೂ ಒಂದೇ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳತೊಡಗಿತು. 2007ರ ತರುವಾಯ ಚಿತ್ರದ ತೆರೆಯೂ ಚುಚ್ಚಿದ್ದನ್ನು ತಾನೇ ಗುರುತಿಸುವುದನ್ನು ಕಲಿಯಿತು. ಹಳೆಯ ಕಡತ ನಿರುದ್ಯೋಗಿಯಾಯಿತು.

ಸತ್ತವರು ಯಾರು ಎಂಬುದನ್ನು ನಿರ್ಣಯಿಸುವುದೇ ಲಿನಕ್ಸ್ ರಿಪೇರಿಯ ಪ್ರಥಮ ಪ್ರಶ್ನೆ. ಅನುಭವಸ್ಥರು ಮೊದಲು ಮೌಸನ್ನು ಮುಟ್ಟುತ್ತಿರಲಿಲ್ಲ, ಕ್ಯಾಪ್ಸ್ ಲಾಕನ್ನು ಒತ್ತಿ ಕೀಲಿಮಣೆಯ ಮೂಲೆಯ ದೀಪವನ್ನು ನೋಡುತ್ತಿದ್ದರು. ದೀಪ ಹತ್ತಿ ಆರಿದರೆ ಯಂತ್ರದ ಅಂತರಾಳ ಜೀವಂತವಾಗಿದೆ. ಆಗ ಕಂಟ್ರೋಲ್, ಆಲ್ಟ್, ಎಫ್1 ಮೂರನ್ನೂ ಕೂಡಿಸಿ ಒತ್ತಿದರೆ ಚಿತ್ರವೆಲ್ಲ ಮರೆಯಾಗಿ ಕಪ್ಪು ಪರದೆ ಬರುವುದು. ಅಲ್ಲಿ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಹೊಕ್ಕು, ಯಂತ್ರವು ತನ್ನ ದಿನಚರಿಯಲ್ಲಿ ಮೌಸನ್ನು ಕುರಿತು ಏನು ಬರೆದುಕೊಂಡಿದೆಯೆಂದು ಓದಬಹುದು. ತಾಳ ತಪ್ಪಿತು, ಒಂದು ಬೈಟನ್ನು ಎಸೆಯುತ್ತಿದ್ದೇನೆ ಎಂಬರ್ಥದ ಸಾಲು ಅಲ್ಲಿ ಮತ್ತೆ ಮತ್ತೆ ಕಂಡರೆ, ಪಿಎಸ್‌ಮೌಸ್ ಎಂಬ ಘಟಕವನ್ನು ಒಂದು ಆಜ್ಞೆಯಿಂದ ಹೊರಹಾಕಿ ಮತ್ತೊಂದರಿಂದ ಒಳಕ್ಕೆ ಕರೆದುಕೊಂಡರೆ ಸಾಕು. ಕಂಟ್ರೋಲ್, ಆಲ್ಟ್, ಎಫ್7 ಒತ್ತಿ ಹಿಂದಿರುಗುವ ಹೊತ್ತಿಗೆ ಅರ್ಧ ಎಳೆದ ತ್ರಿಭುಜ ಇದ್ದಲ್ಲಿಯೇ ಇದ್ದು ಬಾಣವು ಓಡಾಡುತ್ತಿರುವುದು. ಮೌಸು ನಿಜವಾಗಿಯೂ ಸತ್ತಿದ್ದರೆ ಶಿಫ್ಟ್ ಹಿಡಿದು ನಮ್ ಲಾಕ್ ಒತ್ತಿ, ಬಲಗಡೆಯ ಅಂಕಿಗಳ ಗುಂಪಿನಿಂದಲೇ ಬಾಣವನ್ನು ನಡೆಸುವುದುಂಟು: 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ, ನಡುವಿನ 5 ಒತ್ತಿದರೆ ಗುಂಡಿ ಒತ್ತಿದಂತೆ. ಇದೇ ನಾನು ಹಿಂದೆ ಬಿಟ್ಟ ಮಾತು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೈ ಪಳಗಿಸಿಕೊಂಡವರಿಗೆ ಈ ಕಪ್ಪು ಪರದೆ ಭಯಂಕರವಾಗಿ ಕಾಣಲಿಲ್ಲ. ಮೌಸಿನಿಂದಲೇ ಗಣಕವನ್ನು ಕಲಿತ ಎಳೆಯರು ಮಾತ್ರ ಬಾಣ ನಿಂತೊಡನೆ ಕೈ ಚೆಲ್ಲಿ ಗೋಡೆಯ ಸ್ವಿಚ್ಚಿನ ಕಡೆ ನೋಡುತ್ತಿದ್ದರು.

ಗೋಡೆಯ ಸ್ವಿಚ್ಚು ಹಳೆಯ ಲಿನಕ್ಸಿಗೆ ವಿಶೇಷವಾಗಿ ಅಪಾಯಕರ. ಬರೆಯಬೇಕಾದದ್ದನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಂಡು ಆಮೇಲೆ ಹಾರ್ಡ್ ಡಿಸ್ಕೆಂಬ ತಟ್ಟೆಗೆ ಬರೆಯುವುದು ಅದರ ಸ್ವಭಾವವಾದ್ದರಿಂದ, ದಿಢೀರನೆ ವಿದ್ಯುತ್ತು ಹೋದರೆ ಅರ್ಧ ಬರೆದ ಲೆಕ್ಕ ಉಳಿದು, ಮುಂದಿನ ಸಲ ಏಳುವಾಗ ತಟ್ಟೆಯನ್ನೆಲ್ಲ ತಪಾಸಣೆ ಮಾಡಲು ದೀರ್ಘಕಾಲ ಹಿಡಿಯುತ್ತಿತ್ತು. 2001ರ ಈಚೆಗೆ ಬಂದ ಎಕ್ಸ್ಟ್3 ಎಂಬ ಕಡತವ್ಯವಸ್ಥೆಯು ದಿನವಹಿ ಬರೆದಿಡುವ ಪದ್ಧತಿಯಿಂದ ಈ ಕಷ್ಟವನ್ನು ಬಹಳಮಟ್ಟಿಗೆ ನೀಗಿತು. ಲೋಡ್ ಶೆಡ್ಡಿಂಗಿನ ನಾಡಾದ ಜಗಳೂರಿನಂತಹ ಕಡೆ, ಯು.ಪಿ.ಎಸ್.ಗಳ ಬ್ಯಾಟರಿ ಸೊರಗಿದ ಶಾಲೆಗಳಲ್ಲಿ, ಕರೆಂಟು ತಾನಾಗಿ ಕೊಡುವ ಪೆಟ್ಟೇ ಸಾಲದೆ ಮೌಸು ನಿಂತಾಗಲೆಲ್ಲ ಮನುಷ್ಯನೂ ಒಂದು ಪೆಟ್ಟು ಕೊಡುವುದೆಂದರೆ ಅನ್ಯಾಯದ ಮಾತು. ಕ್ಯಾಪ್ಸ್ ಲಾಕಿನ ದೀಪ ಕೂಡ ಉತ್ತರಿಸದಿದ್ದರೂ ಇನ್ನೊಂದು ಬಾಗಿಲು ಉಳಿದಿರುತ್ತಿತ್ತು: ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒತ್ತಿಹಿಡಿದು ಆರ್, ಇ, ಐ, ಎಸ್, ಯು, ಬಿ ಎಂಬ ಆರು ಅಕ್ಷರಗಳನ್ನು ನಿಧಾನವಾಗಿ ಒಂದಾದ ಮೇಲೊಂದು ಒತ್ತಿದರೆ, ಯಂತ್ರದ ಅಂತರಾಳದಲ್ಲಿ ಕಿಂಚಿತ್ ಪ್ರಾಣವಿದ್ದ ಪಕ್ಷದಲ್ಲಿ, ಅದು ಕೀಲಿಮಣೆಯನ್ನು ಬಿಡಿಸಿಕೊಂಡು, ಕಾರ್ಯಕ್ರಮಗಳನ್ನು ಮುಗಿಸಿ, ನೆನಪಿನಲ್ಲಿದ್ದುದನ್ನು ತಟ್ಟೆಗೆ ಬರೆದು, ತಟ್ಟೆಗೆ ಬೀಗ ಹಾಕಿ, ಮರಳಿ ಆರಂಭವಾಗುವುದು. ಕೆಲವು ಪ್ರಯೋಗಾಲಯಗಳ ಗೋಡೆಗಳ ಮೇಲೆ ಈ ಆರು ಅಕ್ಷರಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದನ್ನು ಕಂಡಿದ್ದೇನೆ. ಸ್ವಿಚ್ಚಿನ ಪಕ್ಕದಲ್ಲಿಯೇ ಅಂಟಿಸಿದ ಅಧ್ಯಾಪಕರ ವಿವೇಕ ಪ್ರಶಂಸನೀಯ.

ಕಪ್ಪು ಪರದೆಯ ಒಂದು ಕೊರತೆಯನ್ನು ಮುಚ್ಚಿಡಬಾರದು. ಚಿತ್ರದ ತೆರೆಯಲ್ಲಿ ಕನ್ನಡ ಲಕ್ಷಣವಾಗಿ ಇರುತ್ತಿತ್ತು: ಕೇದಗೆ, ಮಲ್ಲಿಗೆ, ಲೋಹಿತ್ ಎಂಬ ಮುಕ್ತ ಅಕ್ಷರಶೈಲಿಗಳು, ಕೆ. ಪಿ. ರಾಯರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆ, ಸ್ವಯಂಸೇವಕರು ಅನುವಾದಿಸಿದ ಮೆನುಗಳು. ಕಪ್ಪು ಪರದೆಗೆ ಮಾತ್ರ ಒತ್ತಕ್ಷರ ಕಾಗುಣಿತಗಳನ್ನು ಜೋಡಿಸುವ ಶಕ್ತಿಯಿಲ್ಲ. ಯಂತ್ರದ ಭಾಷೆಯನ್ನು ಕನ್ನಡವೆಂದು ಆರಿಸಿಕೊಂಡಿದ್ದವರಿಗೆ ಅಲ್ಲಿ ಕಾಣುತ್ತಿದ್ದುದು ಸಾಲುಸಾಲು ಚೌಕಗಳು. ಮೌಸು ನಿಂತೊಡನೆ ಕನ್ನಡವೂ ನಿಲ್ಲುತ್ತಿತ್ತು; ಭಾಷೆಯನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿಕೊಳ್ಳದೆ ದೋಷವನ್ನು ಓದುವಂತಿರಲಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳವರಿಗೂ ಇದೇ ಅನುಭವವಾಗಿರಬೇಕು. ಕೇರಳ ಸರ್ಕಾರದ ಐ.ಟಿ. ಅಟ್ ಸ್ಕೂಲ್ ಯೋಜನೆ ಇಡೀ ರಾಜ್ಯದ ಪ್ರೌಢಶಾಲೆಗಳನ್ನು ಲಿನಕ್ಸಿಗೆ ಒಯ್ದಾಗ ಅಲ್ಲಿನ ಕನ್ನಡ ಮಕ್ಕಳೂ ಕನ್ನಡದ ಪಠ್ಯವನ್ನು ಹಿಡಿದು ಲಿನಕ್ಸಿನಲ್ಲಿಯೇ ಪರೀಕ್ಷೆ ಕೊಟ್ಟರು. ಪರೀಕ್ಷೆಗೆ ಸೇರಿದ ವಿದ್ಯೆ ಅಲ್ಲಿ ಬೇರೂರಿತು. ನಮ್ಮಲ್ಲಿ ಅದು ಉತ್ಸಾಹಿ ಅಧ್ಯಾಪಕರ ವರ್ಗಾವಣೆಯೊಡನೆ ಊರಿಂದೂರಿಗೆ ಹೋಯಿತು, ಬಿಟ್ಟ ಊರಿನಲ್ಲಿ ಕೊಠಡಿಗೆ ಬೀಗ ಬಿದ್ದಿತು. ಕರ್ನಾಟಕವೂ ಅಂದು ಆ ನಿಶ್ಚಯವನ್ನು ಮಾಡಬೇಕಾಗಿತ್ತೆಂಬುದು ನನ್ನ ಖಚಿತ ಅಭಿಪ್ರಾಯ.

1999ರಲ್ಲಿ ಮೈಕ್ರೋಸಾಫ್ಟ್ ತಂದ ಕೆಂಪು ದೀಪದ ಮೌಸು ಸೆಕೆಂಡಿಗೆ 1500 ಬಾರಿ ಮೇಜಿನ ಚಿತ್ರ ತೆಗೆದು ತನ್ನ ಚಲನೆಯನ್ನು ತಾನೇ ಅಳೆಯತೊಡಗಿದ ಮೇಲೆ ಗುಂಡೂ ಹೋಯಿತು, ಬಳೆಯೂ ಹೋಯಿತು, ಹತ್ತಿ ಸ್ಪಿರಿಟುಗಳ ವೈದ್ಯವೂ ಹೋಯಿತು. ಅದಕ್ಕಿರುವ ಕಾಯಿಲೆಗಳು ಎರಡು ಮೂರು: ಗಾಜಿನ ಮೇಜಿನ ಮೇಲೆ ಕಣ್ಣು ಕತ್ತಲೆ ಬರುವುದು, ಬಾಲವು ಕುತ್ತಿಗೆಯ ಬಳಿ ಒಳಗೊಳಗೇ ತುಂಡಾಗುವುದು, ಗುಂಡಿಯ ಕೆಳಗಿನ ಸ್ವಿಚ್ಚು ಸವೆಯುವುದು. ಹೊಸದೇ ಸೋವಿಯಾಗಿ ಸಿಗುವಾಗ ಕುತ್ತಿಗೆ ಕತ್ತರಿಸಿ ತಂತಿ ಬೆಸೆಯುವ ತಾಳ್ಮೆ ಯಾರಿಗಿದೆ? ರಿಪೇರಿ ಅಂಗಡಿಗಳವರು ಮೊಬೈಲಿನ ಗಾಜು ಬದಲಾಯಿಸುವ ಕೆಲಸಕ್ಕೆ ತಿರುಗಿದರು, ತಪ್ಪೇನಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಅಧ್ಯಾಪಕರಲ್ಲಿಯೂ ಹಳೆಯ ಡಿಟಿಪಿ ಅಂಗಡಿಗಳವರಲ್ಲಿಯೂ ನನ್ನದೊಂದು ಬಿನ್ನಹ. ಆ ವರ್ಷಗಳಲ್ಲಿ ತರಬೇತಿಯಲ್ಲಿ ಕೇಳಿದ ಆಜ್ಞೆಗಳನ್ನೂ, ಯಾವ ಯಂತ್ರದ ಮೌಸು ಯಾವಾಗ ನಿಂತಿತು, ಏನು ಮಾಡಿದಾಗ ನಡೆಯಿತು ಎಂಬುದನ್ನೂ ನೋಟ್‌ಬುಕ್ಕುಗಳಲ್ಲಿ ಕನ್ನಡ ಇಂಗ್ಲಿಷ್ ಬೆರೆಸಿ ಬರೆದಿಟ್ಟುಕೊಂಡವರು ನಿಮ್ಮಲ್ಲಿದ್ದೀರಿ. ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುವಾಗ ಆ ಪುಸ್ತಕಗಳನ್ನು ರದ್ದಿಗೆ ಹಾಕದೆ ಶಾಲೆಯ ಗ್ರಂಥಭಂಡಾರದಲ್ಲಿ ಇರಿಸಿರಿ; ಮೊದಲ ಪುಟದಲ್ಲಿ ಊರಿನ ಹೆಸರನ್ನೂ ವರ್ಷವನ್ನೂ ಬರೆಯುವುದನ್ನು ಮರೆಯಬೇಡಿರಿ.